ಕೋಟೆ ಎಲ್ಲಿ ಎಂದು ಅಪ್ಪ ಕೇಳಿದರು: ಮೇಡನ್ ಕ್ಯಾಸಲ್ ನೋಡಿದವರು ಯಾರಾದರೂ ಇದ್ದೀರಾ?

ದುರ್ಗದವಳು

ಊರಿನಿಂದ ಅಪ್ಪ, ಅಮ್ಮ ಬಂದಿದ್ದಾರೆ. ನಾನಿರುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋರ್ನ್‌ಮತ್‌ನಲ್ಲಿ. ಬಂದ ದಿನದಿಂದ ಸಮುದ್ರವನ್ನೇ ತೋರಿಸಿ ತೋರಿಸಿ ನನಗೇ ಬೇಸರವಾಗಿ, ಕಳೆದ ಭಾನುವಾರ ಡಾರ್ಚೆಸ್ಟರ್ ಪಕ್ಕದ ಮೇಡನ್ ಕ್ಯಾಸಲ್‌ಗೆ ಕರೆದುಕೊಂಡು ಹೋದೆ. ತಪ್ಪು ನನ್ನದೇ. ಹೊರಡುವ ಮುಂಚೆ "ಯೂರೋಪಿನ ಅತಿ ದೊಡ್ಡ ಗುಡ್ಡದ ಕೋಟೆಗಳಲ್ಲಿ ಒಂದು, ಎರಡು ಸಾವಿರ ವರ್ಷಕ್ಕೂ ಹಳೆಯದು" ಎಂದು ಆಸೆ ಹುಟ್ಟಿಸಿಬಿಟ್ಟಿದ್ದೆ.

ಅಪ್ಪ ಹುಟ್ಟಿ ಬೆಳೆದದ್ದು ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಬುಡದಲ್ಲಿ. ಕೋಟೆ ಎಂದರೆ ಅವರ ಕಣ್ಣ ಮುಂದೆ ಬರುವುದು ಕಲ್ಲಿನ ಮೇಲೆ ಕಲ್ಲು, ಬಾಗಿಲಾದ ಮೇಲೆ ಬಾಗಿಲು, ಬತೇರಿ, ಕೊತ್ತಲ, ಓಬವ್ವನ ಕಿಂಡಿ. ಇಲ್ಲಿ ಇಳಿಜಾರು ಹತ್ತಿ, ಇಳಿದು, ಮತ್ತೆ ಹತ್ತಿ, ಏದುಸಿರು ಬಿಡುತ್ತಾ ನಿಂತು "ಕೋಟೆ ಎಲ್ಲಮ್ಮ?" ಎಂದು ಕೇಳಿದರು. "ನೀವು ನಿಂತಿರುವುದೇ ಅದರ ಮೇಲೆ" ಎಂದೆ. ಸುತ್ತಲೂ ನೋಡಿದರು. ಹುಲ್ಲು, ಕುರಿ, ಕುರಿಯ ಹಿಕ್ಕೆ, ಮುಖಕ್ಕೆ ಹೊಡೆಯುವ ಗಾಳಿ. ಒಂದು ಗೋಡೆಯಿಲ್ಲ, ಒಂದು ಕಂಬವಿಲ್ಲ. "ಇದು ನಮ್ಮ ಕೆರೆ ಏರಿ ಇದ್ದ ಹಾಗಿದೆಯಲ್ಲ" ಎಂದು ಹೇಳಿ ಟೋಪಿ ಸರಿಮಾಡಿಕೊಂಡರು. ಅಮ್ಮ ಮಾತ್ರ ಕುರಿಗಳು ಎಷ್ಟು ದುಂಡಗಿವೆ ಎಂದು ಖುಷಿಪಟ್ಟರು.

ಮುಂದಿನ ವಾರ ಇನ್ನೊಮ್ಮೆ ಆ ಕಡೆ ಹೋಗುವುದಿದೆ. ಅಪ್ಪನಿಗೆ ಇದನ್ನು ಹೇಗೆ ತೋರಿಸಲಿ? ತಿಳಿದವರು ಹೇಳಿ.

ನೇರನುಡಿ

ನಾನೂ ಹೋಗಿದ್ದೆ. ನಿಮ್ಮ ತಂದೆಯವರು ಹೇಳಿದ್ದೇ ಸರಿ. ಟಿಕೆಟ್ ಇಲ್ಲ ಎಂಬುದೊಂದೇ ಸಮಾಧಾನ. ಚಹಾ ಅಂಗಡಿಯೂ ಇಲ್ಲ. ಆಚೆ ಈಚೆ ನಾಲ್ಕು ಫಲಕಗಳನ್ನು ಓದಿಕೊಂಡು, ಇಲ್ಲದ್ದನ್ನು ಇದೆ ಎಂದು ಕಲ್ಪಿಸಿಕೊಳ್ಳಬೇಕು. ಬೂಟಿಗೆ ಮೆತ್ತಿದ ಕೆಸರು ಮಾತ್ರ ಕಲ್ಪನೆಯಲ್ಲ.

ಸುಣ್ಣದಕಲ್ಲು

ನೇರನುಡಿಯವರೇ, ಚಹಾ ಇಲ್ಲದ್ದನ್ನು ನಾನೂ ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪಲಾರೆ.

ದುರ್ಗದವಳು ಅವರೇ, ನಿಮ್ಮ ತಂದೆಯವರು ಒಂದೇ ಮಾತಿನಲ್ಲಿ ವಿಷಯ ಮುಟ್ಟಿದ್ದಾರೆ. ಅದು ಏರಿಯೇ. ಕೆಳಗಿನಿಂದ ಅಗೆದು ಮೇಲಕ್ಕೆ ಹಾಕಿದ್ದು. ಕೆರೆ ಏರಿಯಲ್ಲಿ ನೀರು ನಿಲ್ಲಿಸಲು ಹಾಕುತ್ತಾರೆ, ಇಲ್ಲಿ ಜನರನ್ನು ನಿಲ್ಲಿಸಲು ಹಾಕಿದರು. ಒಂದರ ಹಿಂದೆ ಒಂದು ಏರಿ, ನಡುವೆ ಕಂದಕ. ಒಳಗಿನ ಬಯಲು ಸುಮಾರು 47 ಎಕರೆ. ಅಷ್ಟನ್ನೂ ಸುತ್ತುವ ಈ ಕೆಲಸ ನಡೆದದ್ದು ಯಂತ್ರಗಳಿಲ್ಲದ ಕಾಲದಲ್ಲಿ, ಬರೀ ಕೈಯಿಂದ ಮತ್ತು ಬುಟ್ಟಿಯಿಂದ.

ಅವರು ನೋಡಿದ್ದು ಹಸಿರು ಕೋಟೆ. ಕಟ್ಟಿದಾಗ ಅದು ಹಸಿರಾಗಿರಲಿಲ್ಲ. ಆ ಗುಡ್ಡವಿಡೀ ಸೀಮೆಸುಣ್ಣ. ನಮ್ಮ ಮೇಷ್ಟ್ರುಗಳು ಬೋರ್ಡಿನ ಮೇಲೆ ಬರೆಯುತ್ತಿದ್ದ ಆ ಬಿಳಿ ಕಡ್ಡಿಗೆ ಸೀಮೆಯಿಂದ ಬಂದ ಸುಣ್ಣ ಎಂದು ನಮ್ಮವರು ಹೆಸರಿಟ್ಟರಲ್ಲ, ಆ ಸೀಮೆ ಇದೇ. ಡಾರ್ಸೆಟ್‌ನಿಂದ ಹಿಡಿದು ಡೋವರ್‌ವರೆಗೆ ದಕ್ಷಿಣ ಇಂಗ್ಲೆಂಡಿನ ದಿಬ್ಬಗಳೆಲ್ಲ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪು ಕೂಡಿ ಆದವು. ಮೇಲಿನ ಒಂದು ಗೇಣು ಮಣ್ಣು ಕೆದರಿದರೆ ಬೆಳ್ಳಗೆ ಬರುತ್ತದೆ. ಹೊಸದಾಗಿ ಅಗೆದ ಕಂದಕ, ಹೊಸದಾಗಿ ಒಟ್ಟಿದ ಏರಿ, ಬಿಸಿಲಿಗೆ ಕಣ್ಣು ಕೋರೈಸುವಂತೆ ಬಿಳಿಯಾಗಿ ಹತ್ತಾರು ಮೈಲಿ ದೂರದಿಂದ ಕಂಡಿರಬೇಕು. ಹುಲ್ಲು ಬೆಳೆದದ್ದು ಆಮೇಲೆ.

ಕಾಲದ ಲೆಕ್ಕ ಹೀಗಿದೆ. ಕ್ರಿ.ಪೂ. 3500ಕ್ಕೂ ಸ್ವಲ್ಪ ಹಿಂದೆ ಗುಡ್ಡದ ಪೂರ್ವ ತುದಿಯಲ್ಲಿ ನವಶಿಲಾಯುಗದವರು ಕಂದಕ ತೋಡಿ ಒಂದು ಆವರಣ ಮಾಡಿದರು. ಕೆಲವು ತಲೆಮಾರುಗಳ ನಂತರ ಅದರ ಮೇಲೆಯೇ ಹಾಯುವಂತೆ 546 ಮೀಟರ್ ಉದ್ದದ ಒಂದು ದಿಣ್ಣೆ ಒಟ್ಟಿದರು. ಅರ್ಧ ಕಿಲೋಮೀಟರಿಗೂ ಉದ್ದ! ಯಾಕೆಂದು ಯಾರಿಗೂ ಖಚಿತವಿಲ್ಲ. ಆಮೇಲೆ ಬಹಳ ಕಾಲ ಜಾಗ ಪಾಳು ಬಿತ್ತು. ಕ್ರಿ.ಪೂ. 600ರ ಸುಮಾರಿಗೆ ಕಬ್ಬಿಣ ಯುಗದವರು ಅದೇ ಪೂರ್ವ ದಿಬ್ಬದ 16 ಎಕರೆಯ ಸುತ್ತ ಕೋಟೆ ಕಟ್ಟಿದರು. ಕ್ರಿ.ಪೂ. 450ರ ಹೊತ್ತಿಗೆ ಪಶ್ಚಿಮದ ದಿಬ್ಬವನ್ನೂ ಸೇರಿಸಿಕೊಂಡು ಮೂರು ಪಟ್ಟು ಹಿಗ್ಗಿಸಿದರು. ಈಗ ಕಾಣುವುದು ಆ ಹಿಗ್ಗಿದ ಕೋಟೆ, ಮತ್ತೆ ಮತ್ತೆ ಏರಿಸಿದ ಏರಿಗಳು.

ಅಪ್ಪನವರಿಗೆ ತೋರಿಸುವುದಿದ್ದರೆ ಪಶ್ಚಿಮದ ದ್ವಾರದಿಂದ ಒಳಗೆ ಕರೆದುಕೊಂಡು ಹೋಗಿ. ದ್ವಾರ ಎಂದರೆ ಬಾಗಿಲಲ್ಲ, ಏರಿಗಳ ನಡುವಿನ ತಿರುವು ಮುರುವಾದ ಹಾದಿ. ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ, ಎದುರಿಗೆ ಇನ್ನೊಂದು ದಿಬ್ಬ. ಚಿತ್ರದುರ್ಗದಲ್ಲಿ ನೇರವಾಗಿ ಒಳಗೆ ಹೋಗುವ ಬಾಗಿಲು ಯಾವುದಾದರೂ ಇದೆಯೇ ಎಂದು ಅವರನ್ನೇ ಕೇಳಿ. ಅದೇ ಬುದ್ಧಿ.

ಹಗೇವು

ನಾನು ಗದಗದ ಕಡೆಯವನು. ಆ ಜಾಗ ನೋಡಿಲ್ಲ, ಆದರೆ ಅಲ್ಲಿ ಸುಣ್ಣದಕಲ್ಲಿನಲ್ಲಿ ತೋಡಿದ ನೂರಾರು ಗುಂಡಿಗಳು ಸಿಕ್ಕವು, ಕಾಳು ತುಂಬಿಡುತ್ತಿದ್ದರು ಎಂದು ಎಲ್ಲೋ ಓದಿದ್ದೆ. ಬಾಯಿ ಕಿರಿದು, ಒಳಗೆ ಅಗಲ, ಆಳುದ್ದಕ್ಕೂ ಹೆಚ್ಚು ಆಳ. ಹೌದೇ?

ಸುಣ್ಣದಕಲ್ಲು

ಹೌದು. ಕೋಟೆಯ ಒಳಗೆಲ್ಲ ಅವೇ. ಕಾಳಿನ ಕೆಲಸ ಮುಗಿದ ಮೇಲೆ ಕಸ ತುಂಬಿ ಮುಚ್ಚಿದ್ದರಿಂದ ಅಗೆದವರಿಗೆ ಹಬ್ಬವಾಯಿತು.

ಹಗೇವು

ಹಾಗಾದರೆ ಕೇಳಿ, ಅದು ನಮ್ಮ ಹಗೇವು. ನನ್ನ ಹೆಸರು ನೋಡಿಯೇ ನಿಮಗೆ ತಿಳಿದಿರಬೇಕು! ನಮ್ಮ ಅಜ್ಜನ ಮನೆಯ ಮುಂದೆ ಎರಡು ಹಗೇವು ಇದ್ದವು. ತಳಕ್ಕೆ, ಪಕ್ಕಕ್ಕೆ ಜೋಳದ ದಂಟು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮೇಲೆ ಗಾಡಿ ಹೋದರೂ ಗೊತ್ತಾಗುತ್ತಿರಲಿಲ್ಲ. ಹೊರಗಿನವರಿಗಂತೂ ಅಲ್ಲೊಂದು ಗುಂಡಿ ಇದೆ ಎಂಬುದೇ ತಿಳಿಯುತ್ತಿರಲಿಲ್ಲ.

ತೆರೆಯುವ ದಿನ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಮುಚ್ಚಳ ತೆಗೆದು ಕಾವು ಹೋಗಲಿ ಎಂದು ಬಹಳ ಹೊತ್ತು ಬಿಟ್ಟು, ಕಂದೀಲು ಇಳಿಸಿ ನೋಡುತ್ತಿದ್ದರು. ದೀಪ ನಂದಿದರೆ ಮನುಷ್ಯನೂ ನಂದುತ್ತಾನೆ ಎಂದು ಅಜ್ಜ ಹೇಳುತ್ತಿದ್ದ. ಆ ಜೋಳಕ್ಕೆ ಒಂದು ವಾಸನೆ ಇರುತ್ತಿತ್ತು. ರೊಟ್ಟಿ ಮಾಡಿದರೆ ಕೆಲವರು ಮೂಗು ಮುಚ್ಚುತ್ತಿದ್ದರು, ನಮಗೆ ಅದೇ ರುಚಿ.

ಇಂಗ್ಲೆಂಡಿನಲ್ಲಿ ಮಳೆ, ತೇವ ಹೆಚ್ಚಲ್ಲವೇ? ಅಲ್ಲಿ ಕಾಳು ಹೇಗೆ ಕೆಡದೆ ಉಳಿಯಿತು?

ಸುಣ್ಣದಕಲ್ಲು

ಇದೇ ಪ್ರಶ್ನೆಯನ್ನು ಅಲ್ಲಿನವರೂ ಕೇಳಿಕೊಂಡರು. ಹ್ಯಾಂಪ್‌ಶೈರ್‌ನ ಬಟ್ಸರ್ ಎಂಬಲ್ಲಿ ಪೀಟರ್ ರೆನಾಲ್ಡ್ಸ್ ಎಂಬ ಪುರಾತತ್ವಜ್ಞರು 1970ರ ದಶಕದಿಂದ ಕಬ್ಬಿಣ ಯುಗದ ಹೊಲಮನೆಯನ್ನೇ ಮತ್ತೆ ಕಟ್ಟಿ, ಅಂಥ ಗುಂಡಿಗಳಲ್ಲಿ ಕಾಳು ತುಂಬಿ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಗೋಡೆಗೆ ತಾಗಿದ ಕಾಳು ತೇವಕ್ಕೆ ಮೊಳೆಯುತ್ತದೆ, ಒಳಗಿನ ಆಮ್ಲಜನಕವನ್ನು ಕುಡಿದು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಆ ಗಾಳಿ ತುಂಬಿದ ಮೇಲೆ ಮೊಳಕೆಯೂ ನಿಲ್ಲುತ್ತದೆ, ಹುಳುವೂ ಸಾಯುತ್ತದೆ. ಅಂಚಿನ ಕಾಳು ಸತ್ತು ನಡುವಿನ ಕಾಳನ್ನು ಉಳಿಸುತ್ತದೆ. ನಿಮ್ಮ ಅಜ್ಜನ ಕಂದೀಲು ನಂದಿಸುತ್ತಿದ್ದದ್ದೂ ಅದೇ ಗಾಳಿ. ಅವರು ಪ್ರಯೋಗ ಮಾಡಿ ಕಂಡುಕೊಂಡದ್ದು ನಿಮ್ಮ ಮನೆಯಂಗಳದಲ್ಲಿತ್ತು.

ಇತಿಹಾಸದ ವಿದ್ಯಾರ್ಥಿನಿ

ಕಾಳುಕಡ್ಡಿ ಸರಿ. ಯುದ್ಧದ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ದುರ್ಗದವರಿಗೆ ಹೇಳಬೇಕಾದದ್ದು ಆ ಕಥೆ.

ಕ್ರಿ.ಶ. 43ರಲ್ಲಿ ರೋಮನ್ನರು ಬ್ರಿಟನ್ನಿಗೆ ನುಗ್ಗಿದರು. ಮುಂದೆ ಚಕ್ರವರ್ತಿಯಾದ ವೆಸ್ಪಾಸಿಯನ್ ಎರಡನೆಯ ಲೀಜನ್ ಸೇನೆಯೊಂದಿಗೆ ಈ ಸೀಮೆಗೆ ಬಂದ. ಇಲ್ಲಿದ್ದವರು ಡ್ಯುರೊಟ್ರಿಜೀಸ್ ಎಂಬ ಬುಡಕಟ್ಟಿನವರು. ಅವರ ಆಯುಧ ಕವಣೆ. ಪೂರ್ವ ದ್ವಾರದ ಬಳಿ ಒಂದೇ ಕಡೆ 20 ಸಾವಿರಕ್ಕೂ ಹೆಚ್ಚು ಕವಣೆಕಲ್ಲುಗಳ ರಾಶಿ ಸಿಕ್ಕಿದೆ. ಎಲ್ಲವೂ ಚೆಸಿಲ್ ಎಂಬ ಕಡಲತೀರದಿಂದ ಆಯ್ದು ತಂದ ದುಂಡನೆಯ ಕಲ್ಲು. ರೋಮನ್ನರು ದೂರದಿಂದಲೇ ಯಂತ್ರದ ಬಾಣಗಳ ಮಳೆ ಸುರಿಸಿ, ದ್ವಾರಕ್ಕೆ ಬೆಂಕಿಯಿಟ್ಟು, ಒಳಗೆ ನುಗ್ಗಿ ಗಂಡು, ಹೆಣ್ಣು ನೋಡದೆ ಕಡಿದರು. ಉಳಿದವರು ಆ ರಾತ್ರಿಯೇ ತಮ್ಮವರನ್ನು ಅವಸರದಲ್ಲಿ ಹೂಳಿದರು. ಒಬ್ಬನ ಬೆನ್ನೆಲುಬಿನಲ್ಲಿ ಕಬ್ಬಿಣದ ಮೊನೆ ಸಿಕ್ಕಿಕೊಂಡ ಹಾಗೆಯೇ ಇದೆ. ಡಾರ್ಚೆಸ್ಟರ್‌ನ ಮ್ಯೂಸಿಯಂನಲ್ಲಿ ಅದನ್ನು ನೋಡಿ ನನಗೆ ಮೈ ಜುಮ್ಮೆಂದಿತ್ತು.

ಸುಣ್ಣದಕಲ್ಲು

ಕಥೆ ಚೆನ್ನಾಗಿದೆ. ಬರೆದವರೂ ಚೆನ್ನಾಗಿ ಬರೆದರು. 1934ರಿಂದ 1937ರವರೆಗೆ ಅಲ್ಲಿ ಅಗೆದ ಮಾರ್ಟಿಮರ್ ವೀಲರ್ ಅವರದು ಅದು. 1943ರಲ್ಲಿ ಅವರ ವರದಿ ಪ್ರಕಟವಾದಾಗ ಜಗತ್ತೇ ಹಿಟ್ಲರನ ಯುದ್ಧದಲ್ಲಿತ್ತು. ಹೊರಗಿನವರು ನುಗ್ಗಿ ದ್ವೀಪದವರನ್ನು ಕೊಂದ ಕಥೆ ಓದುಗರ ಎದೆಗೆ ನೇರವಾಗಿ ನಾಟಿತು. ಶಾಲೆಯ ಮಕ್ಕಳಿಂದ ಹಿಡಿದು ನಿಮ್ಮವರೆಗೆ ಎಲ್ಲರೂ ಅದನ್ನೇ ಕೇಳಿಕೊಂಡು ಬಂದಿದ್ದೀರಿ.

ಆದರೆ ಒಂದೊಂದೇ ಗಂಟು ಬಿಚ್ಚುತ್ತಾ ಹೋಗಿದೆ. ವೆಸ್ಪಾಸಿಯನ್ 20ಕ್ಕೂ ಹೆಚ್ಚು ನೆಲೆಗಳನ್ನು ಗೆದ್ದ ಎಂದು ರೋಮನ್ ಲೇಖಕ ಸ್ವೆಟೋನಿಯಸ್ ಬರೆದದ್ದು ನಿಜ, ಆದರೆ ಯಾವುದರ ಹೆಸರನ್ನೂ ಹೇಳಿಲ್ಲ. 1985-86ರಲ್ಲಿ ನಿಯಾಲ್ ಶಾರ್ಪಲ್ಸ್ ಅವರ ತಂಡ ಮತ್ತೆ ಅಗೆಯಿತು. ದ್ವಾರ ಸುಟ್ಟ ಬೂದಿ ಎಂದು ವೀಲರ್ ತಿಳಿದದ್ದು ಅಲ್ಲಿ ನಡೆಯುತ್ತಿದ್ದ ಕಮ್ಮಾರಿಕೆಯ ಬೂದಿ ಎಂಬ ಅಭಿಪ್ರಾಯಕ್ಕೆ ಬಂದರು. ಆ ಸ್ಮಶಾನದ 52 ಹೆಣಗಳಲ್ಲಿ ಹೊಡೆತದ ಗುರುತಿರುವುದು 14ರಲ್ಲಿ ಮಾತ್ರ. ಅವಸರದಲ್ಲಿ ಹೂಳಿದರು ಎನ್ನುತ್ತೀರಿ, ಆದರೆ ಹಲವರ ಪಕ್ಕದಲ್ಲಿ ಮಡಕೆ ಇದೆ, ಮಾಂಸದ ತುಂಡಿಟ್ಟ ಗುರುತಿದೆ. ಕೋಟೆಯೊಳಗೆ ವಾಸವೂ ಕ್ರಿ.ಪೂ. 100ರ ಹೊತ್ತಿಗೇ ಕುಗ್ಗಿ ಪೂರ್ವ ತುದಿಗೆ ಸರಿದಿತ್ತು.

ಕೊನೆಯ ಗಂಟು ಬಿಚ್ಚಿದ್ದು 2025ರಲ್ಲಿ, ಅದೂ ದುರ್ಗದವಳು ಅವರ ಊರಿನ ವಿಶ್ವವಿದ್ಯಾಲಯದಲ್ಲಿ. ಬೋರ್ನ್‌ಮತ್ ವಿಶ್ವವಿದ್ಯಾಲಯದ ಪುರಾತತ್ವಜ್ಞರು ಆ ಎಲುಬುಗಳಿಗೆ, ಅವುಗಳ ವಯಸ್ಸು ಹೇಳುವ ರೇಡಿಯೋ ಕಾರ್ಬನ್ ಪರೀಕ್ಷೆ ಮಾಡಿಸಿದರು. ಸತ್ತವರು ಒಂದೇ ದಿನ ಸತ್ತವರಲ್ಲ. ಕ್ರಿ.ಪೂ. ಒಂದನೆಯ ಶತಮಾನದ ಕೊನೆಯಿಂದ ಕ್ರಿ.ಶ. ಒಂದನೆಯ ಶತಮಾನದ ಮೊದಲ ಭಾಗದವರೆಗೆ, ತಲೆಮಾರುಗಳ ಉದ್ದಕ್ಕೂ ಬಿಟ್ಟು ಬಿಟ್ಟು ಸತ್ತವರು. ಹೊಡೆದವರು ರೋಮನ್ನರಿಗಿಂತ ಅಕ್ಕಪಕ್ಕದವರೇ, ದಾಯಾದಿಗಳೇ ಆಗಿರುವ ಸಂಭವ ಹೆಚ್ಚು ಎಂದು ಅವರ ವಾದ.

ಇತಿಹಾಸದ ವಿದ್ಯಾರ್ಥಿನಿ

ಇದು ನನಗೆ ಹೊಸದು. ಸ್ವಲ್ಪ ಬೇಸರವೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬೆನ್ನೆಲುಬಿನ ಮೊನೆ ಇದ್ದೇ ಇದೆಯಲ್ಲ?

ಸುಣ್ಣದಕಲ್ಲು

ಇದೆ. ಆ ಮನುಷ್ಯ ಸತ್ತದ್ದೂ ನಿಜ, ನೋವೂ ನಿಜ. ಅವನನ್ನು ಕೊಂದದ್ದು ಯಾರು ಎಂಬಲ್ಲಿ ಮಾತ್ರ ನಾವು ಅವಸರಪಟ್ಟೆವು.

ನೇರನುಡಿ

ನಾನು ಅಲ್ಲಿ ಏನೂ ಇಲ್ಲ ಎಂದಾಗ ಎಲ್ಲರೂ ಮೇಲೆ ಬಿದ್ದಿರಿ. ಈಗ ನೀವೇ ಯುದ್ಧವಿಲ್ಲ, ಬೆಂಕಿಯಿಲ್ಲ, ಮುತ್ತಿಗೆಯಿಲ್ಲ ಎನ್ನುತ್ತಿದ್ದೀರಿ. ಹಾಗಾದರೆ ಅದು ಕೋಟೆಯೇ ಎಂದು ಹೇಗೆ ಗೊತ್ತು? 47 ಎಕರೆಯ ಸುತ್ತ ಕಾವಲು ನಿಲ್ಲಲು ಎಷ್ಟು ಜನ ಬೇಕು? ಅಷ್ಟು ಜನರಿಗೆ ನೀರು ಎಲ್ಲಿಂದ? ದುರ್ಗದಲ್ಲಿ ಹೊಂಡಗಳ ಮೇಲೆ ಹೊಂಡ. ಈ ಬೋಳುಗುಡ್ಡದ ಮೇಲೆ ಏನಿದೆ?

ಸುಣ್ಣದಕಲ್ಲು

ಒಳ್ಳೆಯ ಪ್ರಶ್ನೆ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಅಷ್ಟು ಏರಿ ಬೇಕಾಗಿಯೇ ಇರಲಿಲ್ಲ, ತೋರಿಕೆಗಾಗಿ ಕಟ್ಟಿದರು, ಊರೂರಿನವರು ಕೂಡಿ ಮಣ್ಣು ಹೊರುವುದೇ ಅವರನ್ನು ಒಂದು ಮಾಡುತ್ತಿತ್ತು ಎನ್ನುವವರಿದ್ದಾರೆ. ನನಗೆ ಎರಡೂ ಸರಿ ಎನಿಸುತ್ತದೆ. ಹಗೇವಿನ ತುಂಬ ಕಾಳಿದ್ದರೆ ಕಾಯಲೇಬೇಕು. ಕಾಯುವವರು ಸ್ವಲ್ಪ ಮೆರೆಯುವುದೂ ಸಹಜ.

ಮೊಳಕಾಲ್ಮೂರು ಮೇಷ್ಟ್ರು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ವೀಲರ್ ಹೆಸರು ಬಂದ ಮೇಲೆ ತಡೆಯಲಾಗಲಿಲ್ಲ.

ದುರ್ಗದವಳು ಅವರೇ, ನಿಮ್ಮ ತಂದೆಯವರಿಗೆ ಒಂದು ಮಾತು ಹೇಳಿ. ಅವರು ಟೋಪಿ ಸರಿಮಾಡಿಕೊಂಡು ನಿಂತ ಆ ಗುಡ್ಡವನ್ನು ಅಗೆದ ಮನುಷ್ಯ, ಅದಾದ ಹತ್ತು ವರ್ಷಕ್ಕೆ ಅವರ ಮನೆಯಂಗಳವನ್ನೂ ಅಗೆದಿದ್ದಾನೆ. ವೀಲರ್ 1944ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದರು. ಮೊದಲು ತಕ್ಷಶಿಲೆಯಲ್ಲಿ ಯುವಕರಿಗೆ ಅಗೆಯುವುದನ್ನು ಕಲಿಸಿದರು. 1945ರಲ್ಲಿ ಪುದುಚೇರಿಯ ಅರಿಕಮೇಡು, 1946ರಲ್ಲಿ ಹರಪ್ಪ, 1947ರಲ್ಲಿ ನಮ್ಮ ತಾಲ್ಲೂಕಿನ ಬ್ರಹ್ಮಗಿರಿ ಮತ್ತು ಚಿತ್ರದುರ್ಗದ ಬುಡದ ಚಂದ್ರವಳ್ಳಿ. ಎರಡೂ ಕಡೆ ಅವರಿಗಿಂತ ಮುಂಚೆ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅಗೆದಿದ್ದರು. ಆ ಹೆಸರನ್ನು ನಮ್ಮವರೇ ಮರೆಯುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಬ್ರಹ್ಮಗಿರಿ ಗೊತ್ತಿಲ್ಲದವರಿಗೆ: ನಮ್ಮ ಕಡೆ ಅಶೋಕ ಸಿದ್ದಾಪುರ ಎಂದರೆ ಎಲ್ಲರಿಗೂ ತಿಳಿಯುತ್ತದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿ ಅಶೋಕನ ಶಾಸನ ಪತ್ತೆಮಾಡಿದರು. ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಬರೆಸಿದ್ದು. ಅದನ್ನು ಬರೆದ ಲಿಪಿಕಾರ ಚಪಡ, ಬ್ರಾಹ್ಮಿಯಲ್ಲಿ ಬರೆದು ಕೊನೆಗೆ ತನ್ನ ಕಸುಬನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಊರು ಬಿಟ್ಟು ದೂರ ಬಂದವನ ಅಭ್ಯಾಸ, ನೀವುಗಳು ಇಂಗ್ಲೆಂಡಿನಲ್ಲಿ ಕುಳಿತು ಕನ್ನಡದಲ್ಲಿ ಬರೆಯುತ್ತಿಲ್ಲವೇ, ಹಾಗೆ. ಬೆಟ್ಟದ ಬುಡದಲ್ಲಿ ಕಲ್ಲುಚಪ್ಪಡಿಗಳ ಸಮಾಧಿಗಳು ನೂರಾರು ಇವೆ. ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇರುತ್ತದೆ. ನಾನು ಮೂವತ್ತು ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಪ್ರತಿ ವರ್ಷವೂ ಒಬ್ಬನಾದರೂ ಕಿಂಡಿಯೊಳಗೆ ತಲೆ ತೂರಿಸಿ ಬೈಸಿಕೊಳ್ಳುತ್ತಿದ್ದ.

ವೀಲರ್ ಮೇಡನ್ ಕ್ಯಾಸಲ್‌ನಲ್ಲಿ ಪಳಗಿಸಿಕೊಂಡ ರೀತಿಯನ್ನೇ ಇಲ್ಲಿಗೂ ತಂದರು. ನೆಲವನ್ನು ಚೌಕ ಚೌಕವಾಗಿ ಭಾಗಮಾಡಿ, ನಡುವೆ ಅಗೆಯದ ಬದುಗಳನ್ನು ಬಿಟ್ಟು, ಆ ಬದುವಿನ ಪಕ್ಕೆಯಲ್ಲಿ ಮಣ್ಣಿನ ಪದರಗಳನ್ನು ಪುಸ್ತಕದ ಹಾಳೆಗಳಂತೆ ಓದುವುದು. ಹೊಲದ ಬದು ಕಂಡ ನಮ್ಮ ಕೂಲಿಯವರಿಗೆ ಅದು ಅರ್ಥವಾಗಲು ಹೊತ್ತೇನೂ ಬೇಕಾಗಿರಲಾರದು. ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಸಿಕ್ಕಿದ್ದವು. ಅವುಗಳ ಕಾಲ ಗೊತ್ತು. ಅವುಗಳ ಜೊತೆಗಿದ್ದ ಮಡಕೆಗಳ ಕಾಲ ಅದರಿಂದ ತಿಳಿಯಿತು. ಅದೇ ಬಗೆಯ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲಿ. ಹೀಗೆ ಮೇಲಿನಿಂದ ಕೆಳಕ್ಕೆ ಇಳಿದು, ಕಲ್ಲುಕೊಡಲಿಯವರು, ಕಲ್ಲುಸಮಾಧಿಯವರು, ಆಂಧ್ರ ಸಾತವಾಹನರ ಕಾಲದವರು ಎಂದು ಮೂರು ಮೆಟ್ಟಿಲು ಮಾಡಿದರು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಮೊದಲ ಬಾರಿಗೆ ಒಂದು ಏಣಿ ಸಿಕ್ಕಿತು.

ಏಣಿ ಸರಿ, ಮೆಟ್ಟಿಲುಗಳ ಅಂತರ ತಪ್ಪು. ಕಲ್ಲುಸಮಾಧಿಗಳನ್ನು ವೀಲರ್ ಕ್ರಿ.ಪೂ. 200ರ ಸುಮಾರಿಗೆ ಇಟ್ಟರು. ಕಲ್ಲುಕೊಡಲಿಯವರಿಗೆ ಕ್ರಿ.ಪೂ. ಒಂದು ಸಾವಿರದೊಳಗೇ ಜಾಗ ಕೊಟ್ಟರು. ರೇಡಿಯೋ ಕಾರ್ಬನ್ ಪರೀಕ್ಷೆ ಬಂದದ್ದು 1949ರಲ್ಲಿ. ಅದು ಬಂದ ಮೇಲೆ ನಮ್ಮ ಸೀಮೆಯ ನವಶಿಲಾಯುಗ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಹೋಯಿತು. ಸಮಾಧಿಗಳೂ ಸಾವಿರ ವರ್ಷದಷ್ಟು ಹಿಂದಕ್ಕೆ ಸರಿದವು. ಇಂಗ್ಲೆಂಡಿನಲ್ಲೂ ಹೀಗೇ ಆಯಿತಲ್ಲವೇ, ಸುಣ್ಣದಕಲ್ಲು ಅವರೇ?

ಸುಣ್ಣದಕಲ್ಲು

ಹಾಗೇ ಆಯಿತು, ಸರ್. ವೀಲರ್ ಅಗೆಯುವಾಗ ಬ್ರಿಟನ್ನಿನ ನವಶಿಲಾಯುಗ ಕ್ರಿ.ಪೂ. 2000ದ ಸುಮಾರಿಗೆ ಶುರು ಎಂದು ನಂಬಿದ್ದರು. ಈಗ ಅದಕ್ಕೂ 2000 ವರ್ಷ ಹಿಂದೆ. ಡಾರ್ಸೆಟ್ಟಿನ ಗುಡ್ಡವೂ ನಿಮ್ಮ ಬೆಟ್ಟವೂ ಒಂದೇ ರೀತಿಯಲ್ಲಿ ಅವರ ಕೈಗೆ ಪೂರ್ತಿ ಸಿಕ್ಕಿಲ್ಲ.

ಮೊಳಕಾಲ್ಮೂರು ಮೇಷ್ಟ್ರು

ಇನ್ನೊಂದು ಸೇರಿಸುತ್ತೇನೆ. ಮೊಹೆಂಜೊದಾರೊದ ಬೀದಿಯಲ್ಲಿ ಬಿದ್ದಿದ್ದ ಅಸ್ಥಿಪಂಜರಗಳನ್ನು ನೋಡಿ, ಆರ್ಯರು ನುಗ್ಗಿ ಕೊಂದರು ಎಂದದ್ದೂ ಇದೇ ವೀಲರ್. ಅವು ಬೇರೆ ಬೇರೆ ಕಾಲದ ಹೆಣಗಳು ಎಂದು 1964ರಲ್ಲಿ ಜಾರ್ಜ್ ಡೇಲ್ಸ್ ತೋರಿಸಿದರು. ಡಾರ್ಸೆಟ್ಟಿನಲ್ಲಿ ರೋಮನ್ನರು, ಸಿಂಧೂ ಕಣಿವೆಯಲ್ಲಿ ಆರ್ಯರ ದೇವರು ಇಂದ್ರ. ಎಲುಬು ಕಂಡಲ್ಲೆಲ್ಲ ದಾಳಿ ಕಂಡ ಮನುಷ್ಯ. ಎರಡು ಮಹಾಯುದ್ಧಗಳಲ್ಲಿ ಸೈನಿಕನಾಗಿ ದುಡಿದವರು, ಬೇರೇನು ಕಂಡಾರು ಎಂದು ಒಮ್ಮೊಮ್ಮೆ ಅನಿಸುತ್ತದೆ. ಬ್ರಹ್ಮಗಿರಿಯಲ್ಲಿ ಮಾತ್ರ ಅವರಿಗೆ ಯುದ್ಧ ಸಿಗಲಿಲ್ಲ. ಅದಕ್ಕೇ ಇರಬೇಕು, ಅಲ್ಲಿಯ ಅವರ ಏಣಿ ಇಂದಿಗೂ ನಿಂತಿದೆ.

ಇತಿಹಾಸದ ವಿದ್ಯಾರ್ಥಿನಿ

ಮೇಷ್ಟ್ರೇ, ಎಲ್ಲವನ್ನೂ ವೀಲರ್ ತಲೆಗೆ ಕಟ್ಟುವಾಗ ಟೆಸ್ಸಾ ಅವರನ್ನು ಮರೆಯಬೇಡಿ. ಚೌಕದ ಅಗೆತವನ್ನು ರೂಪಿಸಿದವರಲ್ಲಿ, ಮೇಡನ್ ಕ್ಯಾಸಲ್‌ನ ದಿನದಿನದ ಕೆಲಸ ನಡೆಸಿದವರಲ್ಲಿ ಅವರ ಪತ್ನಿ ಟೆಸ್ಸಾ ವೆರ್ನಿ ವೀಲರ್ ಮುಖ್ಯರು. ಅಗೆತ ಮುಗಿಯುವ ಮುಂಚೆ 1936ರಲ್ಲಿ, 43ನೆಯ ವಯಸ್ಸಿಗೆ ತೀರಿಕೊಂಡರು. ಬದುಕಿದ್ದರೆ ಬ್ರಹ್ಮಗಿರಿಗೂ ಬರುತ್ತಿದ್ದರೋ ಏನೋ.

ಮೊಳಕಾಲ್ಮೂರು ಮೇಷ್ಟ್ರು

ಒಪ್ಪಿದೆ. ನಾನು ಮಕ್ಕಳಿಗೆ ಈ ಹೆಸರು ಒಮ್ಮೆಯೂ ಹೇಳಿರಲಿಲ್ಲ.

ಅಲೆಮಾರಿ

ಎಲ್ಲರೂ ಗುಡ್ಡವನ್ನೇ ಹಿಡಿದು ಕುಳಿತಿದ್ದೀರಿ. ಸುತ್ತಲಿನ ಸೀಮೆಯನ್ನೂ ನೋಡಿ. ನಾನು ಆ ದಿಬ್ಬಗಳ ಮೇಲೆ ಹಲವು ಸಲ ನಡೆದವನು.

ಮೇಡನ್ ಕ್ಯಾಸಲ್‌ನ ದಕ್ಷಿಣದ ಏರಿಯ ಮೇಲೆ ನಿಂತರೆ ಎದುರಿಗೆ ಉದ್ದಕ್ಕೆ ಒಂದು ದಿಣ್ಣೆ ಮಲಗಿದೆ. ಸೌತ್ ಡಾರ್ಸೆಟ್ ರಿಜ್‌ವೇ ಎನ್ನುತ್ತಾರೆ. ಅದರ ಬೆನ್ನ ಮೇಲೆ ಸಾಲು ಸಾಲು ಗುಡ್ಡೆಗಳು, ಕಂಚಿನ ಯುಗದ ಸಮಾಧಿ ದಿಬ್ಬಗಳು. ದಿಗಂತದಲ್ಲಿ ಮೂಡುವಂತೆ ನೋಡಿ ನೋಡಿ ಜಾಗ ಆರಿಸಿದ್ದಾರೆ. ಆ ಕಡೆ ಇಳಿದರೆ ವೇಮತ್, ಸಮುದ್ರ. ಪಶ್ಚಿಮದ ತುದಿಯಲ್ಲಿ ಒಂದು ಗೋಪುರ ಕಾಣುತ್ತದೆ, ಹಾರ್ಡಿ ಸ್ಮಾರಕ. ನಮ್ಮವರೆಲ್ಲ ಅದು ಕಾದಂಬರಿಕಾರ ಹಾರ್ಡಿಯದು ಎಂದುಕೊಂಡು ಹತ್ತುತ್ತಾರೆ. ಅದು ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ನನ ಹಡಗಿನ ಕಪ್ತಾನ ಹಾರ್ಡಿಯದು. ನಾನೂ ಹಾಗೆಯೇ ಹತ್ತಿದ್ದೆ.

ಕೋಟೆಯ ಬುಡದ ಹಳ್ಳಿಗಳ ಹೆಸರು ನೋಡಿ: ವಿಂಟರ್‌ಬೋರ್ನ್ ಮಾಂಕ್ಟನ್, ವಿಂಟರ್‌ಬೋರ್ನ್ ಸೇಂಟ್ ಮಾರ್ಟಿನ್. ವಿಂಟರ್‌ಬೋರ್ನ್ ಎಂದರೆ ಚಳಿಗಾಲದಲ್ಲಿ ಮಾತ್ರ ಹರಿಯುವ ಹಳ್ಳ. ಸುಣ್ಣದಕಲ್ಲು ಮಳೆನೀರನ್ನೆಲ್ಲ ಕುಡಿಯುತ್ತದೆ. ಒಳಗೆ ನೀರಿನ ಮಟ್ಟ ಏರಿದಾಗ ಮಾತ್ರ ಹಳ್ಳ ಹುಟ್ಟುತ್ತದೆ. ಬೇಸಿಗೆಯಲ್ಲಿ ಸೇತುವೆಯ ಕೆಳಗೆ ಹುಲ್ಲು. ನೇರನುಡಿಯವರು ನೀರು ಎಲ್ಲಿಂದ ಎಂದು ಕೇಳಿದ್ದಕ್ಕೆ ಅರ್ಧ ಉತ್ತರ ಇಲ್ಲಿದೆ, ಗುಡ್ಡದ ಮೇಲಲ್ಲ, ಬುಡದಲ್ಲಿ. ಎರಡನೆಯ ಹಳ್ಳಿಯನ್ನು ಮಾರ್ಟಿನ್ಸ್‌ಟೌನ್ ಎಂದೂ ಕರೆಯುತ್ತಾರೆ. ಹಳ್ಳ ಒಣಗುವ ಆ ಊರಿನಲ್ಲೇ 1955ರ ಜುಲೈ 18ರಂದು ಒಂದೇ ದಿನ 279 ಮಿಲಿಮೀಟರ್ ಮಳೆ ಸುರಿಯಿತು. ಬ್ರಿಟನ್ನಿನಲ್ಲಿ ಅದು ಐವತ್ತಕ್ಕೂ ಹೆಚ್ಚು ವರ್ಷ ದಾಖಲೆಯಾಗಿ ಉಳಿಯಿತು. ಆಗುಂಬೆಯವರು ನಗಬಹುದು.

ದುರ್ಗದವಳು ಅವರಿಗೆ ಒಂದು ಸಲಹೆ. ಮಧ್ಯಾಹ್ನ ಹೋಗಬೇಡಿ. ನೆತ್ತಿಯ ಬಿಸಿಲಿನಲ್ಲಿ ಏರಿಗಳೆಲ್ಲ ಚಪ್ಪಟೆ. ಸಂಜೆ ಇಳಿಬಿಸಿಲಿಗೆ ಹೋಗಿ. ಒಂದೊಂದು ಕಂದಕದಲ್ಲೂ ನೆರಳು ತುಂಬಿದಾಗ ಕೋಟೆ ತಾನಾಗಿ ಎದ್ದು ಕೂರುತ್ತದೆ. ಬಾನಾಡಿ ಹಕ್ಕಿಗಳ ಹಾಡು ಉಚಿತ. ಮತ್ತೆ, ಚೆಸಿಲ್ ತೀರಕ್ಕೆ ಹೋದರೆ ಕಲ್ಲು ಎತ್ತಿಕೊಳ್ಳಬೇಡಿ, ನಿಷೇಧವಿದೆ.

ದುರ್ಗದವಳು

ಎಲ್ಲರಿಗೂ ನಮಸ್ಕಾರ. ನಿನ್ನೆ ಹೋಗಿ ಬಂದೆವು. ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ, ಕಾರಿನಲ್ಲಿ ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ.

ಮೊದಲು ಮ್ಯೂಸಿಯಂ. ಬೆನ್ನೆಲುಬಿನ ಮುಂದೆ ಅಪ್ಪ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕವಣೆಕಲ್ಲುಗಳ ಮುಂದೆ ನಿಂತರು. ಹುಡುಗನಾಗಿದ್ದಾಗ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಕವಣೆ ಬೀಸಿ ಗಿಳಿ ಓಡಿಸುತ್ತಿದ್ದರಂತೆ. ನನಗೆ ಇಷ್ಟು ವರ್ಷ ಹೇಳಿಯೇ ಇರಲಿಲ್ಲ. "ದುಂಡಗಿರಬೇಕು, ತೂಕ ಒಂದೇ ಇರಬೇಕು, ಇಲ್ಲದಿದ್ದರೆ ಗುರಿ ತಪ್ಪುತ್ತದೆ. ಆರಿಸಿದವರಿಗೆ ಕೆಲಸ ಗೊತ್ತಿತ್ತು" ಎಂದರು. ಕೋಟೆಯ ಮೇಲೆ ನಾಲ್ಕನೆಯ ಶತಮಾನದಲ್ಲಿ ರೋಮನ್ನರ ಕಾಲದ ಗುಡಿಯೊಂದಿತ್ತಂತೆ. ಅಲ್ಲಿ ಸಿಕ್ಕ, ಬೆನ್ನ ಮೇಲೆ ಮನುಷ್ಯಾಕೃತಿಗಳನ್ನು ಹೊತ್ತ ಪುಟ್ಟ ಕಂಚಿನ ಹೋರಿಯ ಬಗ್ಗೆ ಓದಿ ಹೇಳಿದಾಗ ಅಮ್ಮ "ಬಸವಣ್ಣ ಇಲ್ಲಿಗೂ ಬಂದಿದ್ದ" ಎಂದರು. ನಾನು ತಿದ್ದಲು ಹೋಗಲಿಲ್ಲ.

ಆರು ಗಂಟೆಯ ಮೇಲೆ ಗುಡ್ಡ ಹತ್ತಿದೆವು. ಅಲೆಮಾರಿಯವರು ಹೇಳಿದಂತೆಯೇ ಆಯಿತು. ಕಂದಕಗಳಲ್ಲಿ ನೆರಳು ಏರುತ್ತಾ ಬಂದು, ಏರಿಗಳ ನೆತ್ತಿ ಮಾತ್ರ ಹೊಳೆಯುತ್ತಿತ್ತು. ಪಶ್ಚಿಮದ ದ್ವಾರದ ತಿರುವುಗಳಲ್ಲಿ ಅಪ್ಪ ಮುಂದೆ, ನಾನು ಹಿಂದೆ. ಪ್ರತಿ ತಿರುವಿನಲ್ಲೂ ನಿಂತು ಮೇಲೆ ನೋಡಿ "ಇಲ್ಲಿಂದ ಹೊಡೆಯುತ್ತಾರೆ" ಎಂದು ಕೈ ತೋರಿಸುತ್ತಿದ್ದರು. ಯುದ್ಧವೇ ಆಗಿಲ್ಲವಂತೆ ಎಂದು ನೆನಪಿಸಿದೆ. "ಆಗದಿದ್ದರೆ ಕಟ್ಟಿದ್ದು ಚೆನ್ನಾಗಿತ್ತು ಎಂದಾಯಿತು" ಎಂದರು.

ಮೇಷ್ಟ್ರೇ, ಚಂದ್ರವಳ್ಳಿಯ ಕೆರೆಯಲ್ಲಿ ಅಪ್ಪ ಈಜು ಕಲಿತವರು. ಅಲ್ಲಿ ರೋಮನ್ ನಾಣ್ಯ ಸಿಕ್ಕಿತ್ತೆಂದು ಅವರಿಗೆ ಗೊತ್ತೇ ಇರಲಿಲ್ಲ. ಬ್ರಹ್ಮಗಿರಿ ನೋಡಿಲ್ಲವಂತೆ. ಊರಿಗೆ ಹೋದ ಮೇಲೆ ಹೋಗಬೇಕು ಎನ್ನುತ್ತಿದ್ದಾರೆ. ಯಾವಾಗ ಹೋದರೆ ಒಳ್ಳೆಯದು?

ಮೊಳಕಾಲ್ಮೂರು ಮೇಷ್ಟ್ರು

ನವೆಂಬರ್‌ನಿಂದ ಜನವರಿ. ಬೇಸಿಗೆಯಲ್ಲಿ ಬೇಡವೇ ಬೇಡ, ಬಂಡೆ ಕಾದು ಕಾಲಿಡಲಾಗುವುದಿಲ್ಲ. ನೀರು ತನ್ನಿ. ಬೆಳಿಗ್ಗೆ ಬೇಗ ಬಂದರೆ ಶಾಸನ ನೋಡಿ, ಸಮಾಧಿಗಳನ್ನು ನೋಡಿ, ಜಟಿಂಗ ರಾಮೇಶ್ವರ ಬೆಟ್ಟವನ್ನೂ ಹತ್ತಬಹುದು. ಜಟಾಯು ಬಿದ್ದ ಜಾಗ ಎನ್ನುತ್ತಾರೆ, ಅಲ್ಲೂ ಅಶೋಕನ ಶಾಸನವಿದೆ. ಸಂಜೆಯೊಳಗೆ ಇಳಿಯಿರಿ, ಆ ಕಡೆ ಕರಡಿಗಳಿವೆ. ಬರುವ ಮುಂಚೆ ಇಲ್ಲಿ ಒಂದು ಸಾಲು ಬರೆಯಿರಿ, ನಾನು ಜೊತೆಗೆ ಬರುತ್ತೇನೆ. ಕಿಂಡಿಯಲ್ಲಿ ತಲೆ ತೂರಿಸುವಂತಿಲ್ಲ.

ನೇರನುಡಿ

ಅಲ್ಲಿ ಚಹಾ ಸಿಗುತ್ತದೆಯೇ?

ಮೊಳಕಾಲ್ಮೂರು ಮೇಷ್ಟ್ರು

ಸಿದ್ದಾಪುರದಲ್ಲಿ ನಾನೇ ಕುಡಿಸುತ್ತೇನೆ. ಬನ್ನಿ.

ಅಲೆಮಾರಿ

ದುರ್ಗದವಳು ಅವರೇ, ಚೆಸಿಲ್ ತೀರಕ್ಕೂ ಹೋಗಿದ್ದಿರಾ? ಕಲ್ಲಿನ ವಿಷಯ ಅಪ್ಪನವರಿಗೆ ಹೇಳಿದಿರಿ ತಾನೆ?

ದುರ್ಗದವಳು

ಹೇಳಿದ್ದೆ. ಆದರೂ ಕಾರು ಹತ್ತುವಾಗ ಕೋಟಿನ ಜೇಬು ಒಂದು ಕಡೆ ಜೋತುಬಿದ್ದಿತ್ತು. ವಾಪಸ್ ಕರೆದುಕೊಂಡು ಹೋದೆ. ಮೂರು ಕಲ್ಲು, ಮೂರೂ ಒಂದೇ ತೂಕದವು. ಸುಮ್ಮನೆ ಇಡಲಿಲ್ಲ, ಸಮುದ್ರದ ಕಡೆಗೆ ಬೀಸಿ ಎಸೆದರು. ಒಂದೂ ನೀರು ಮುಟ್ಟಲಿಲ್ಲ. ಕವಣೆ ಇದ್ದಿದ್ದರೆ ಬೇರೆ ಮಾತು ಎಂದು ಮನೆಗೆ ಬರುವವರೆಗೂ ಹೇಳುತ್ತಿದ್ದರು.